ಸಿಂಪ್ಯೂಟರ್, ಅಮಿಡಾ, ಮೊಬಿಲಿಸ್: ಬೆಂಗಳೂರಿನ ಕೈಗಣಕಗಳ ಚರಿತ್ರೆ

ಸಿಂಪ್ಯೂಟರ್ ಬೆಂಗಳೂರಿನಲ್ಲಿ ರೂಪುಗೊಂಡ ಕೈಗಣಕ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಮೂವರು ಸೇರಿ ಅದನ್ನು ಕಟ್ಟಿದರು. 1998ರಲ್ಲಿ ಕಲ್ಪನೆ ಮೂಡಿತು, 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಜನರ ಮುಂದೆ ಬಂತು. 2004ರ ಮಾರ್ಚ್‌ನಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಇಳಿಯಿತು. 2005ರಲ್ಲಿ ಅದೇ ಬಳಗದ ಇನ್ನೊಂದು ಕವಲಿನಿಂದ ‘ಮೊಬಿಲಿಸ್’ ಎಂಬ ಅಗ್ಗದ ಲ್ಯಾಪ್‌ಟಾಪ್ ಹೊರಬಂತು. ಕರ್ನಾಟಕದ ನೆಲದಲ್ಲೇ ವಿನ್ಯಾಸಗೊಂಡು, ಇಲ್ಲೇ ತಯಾರಾಗಿ, ಕನ್ನಡವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಂಡ ಒಯ್ಯಬಲ್ಲ ಗಣಕಗಳ ಸರಣಿ ಎಂದರೆ ಇದೇ. ಮಾರಾಟದಲ್ಲಿ ಅದು ಗೆಲ್ಲಲಿಲ್ಲ. ಆದರೆ ಅದರ ತಾಂತ್ರಿಕ ಆಯ್ಕೆಗಳು ಬಹುಮಟ್ಟಿಗೆ ಸರಿಯಾಗಿದ್ದವು. ಕಾರ್ಖಾನೆಯಿಂದ ಹಳ್ಳಿಯವರೆಗಿನ ದಾರಿಯನ್ನು ಕಟ್ಟುವವರು ಯಾರೂ ಇರಲಿಲ್ಲ ಎಂಬುದು ಸೋಲಿನ ಮುಖ್ಯ ಕಾರಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಬೆಳಗಾವಿ ಜಿಲ್ಲೆಯ ಗಡಿ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಐಬಿಎಂ ಕಂಪನಿ 1978ರಲ್ಲಿ ಭಾರತ ಬಿಟ್ಟು ಹೋದ ಮೇಲೆ ದೇಶದೊಳಗೇ ಗಣಕ ಕಟ್ಟುವ ಅವಕಾಶ ತೆರೆಯಿತು. ಅಡುಗೆ ಎಣ್ಣೆ, ವನಸ್ಪತಿಯ ವ್ಯಾಪಾರದಿಂದ ಬಂದ ವಿಪ್ರೋ 1980ರ ದಶಕದ ಮೊದಲಲ್ಲೇ ಬೆಂಗಳೂರಿನಲ್ಲಿ ಮಿನಿ ಕಂಪ್ಯೂಟರ್ ರೂಪಿಸಿತು. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಪ್ರೊಸೆಸರ್ ಸಿಸ್ಟಮ್ಸ್ ಇಂಡಿಯಾ ಎಂಬ ಕಂಪನಿ ಇದೇ ಊರಿನಲ್ಲಿ ಹುಟ್ಟಿತ್ತು. ಅದರ ಸ್ಥಾಪಕರಲ್ಲಿ ಒಬ್ಬರಾದ ವಿನಯ್ ದೇಶಪಾಂಡೆ ಮುಂದೆ ಎನ್‌ಕೋರ್ ಕಟ್ಟಿದರು. ರಕ್ಷಣಾ ಇಲಾಖೆಗೆ ರೇಡಾರ್, ರೇಡಿಯೊ ತಯಾರಿಸುತ್ತಿದ್ದ ಭಾರತ್ ಎಲೆಕ್ಟ್ರಾನಿಕ್ಸ್ 1954ರಿಂದಲೂ ಜಾಲಹಳ್ಳಿಯಲ್ಲಿ ಬೇರೂರಿತ್ತು. ಸರ್ಕ್ಯೂಟ್ ಬೋರ್ಡು ಬಿಡಿಸುವವರು, ಬೆಸುಗೆ ಹಾಕುವವರು, ಸಾಫ್ಟ್‌ವೇರ್ ಬರೆಯುವವರು, ಗಣಿತ ಬಲ್ಲವರು ಒಂದೇ ಊರಿನಲ್ಲಿ ಸಿಗುತ್ತಿದ್ದರು. ಸಿಂಪ್ಯೂಟರ್ ಬೆಂಗಳೂರಿನಲ್ಲೇ ಹುಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

1990ರ ದಶಕದ ಕೊನೆಗೆ ಸಾಫ್ಟ್‌ವೇರ್ ರಫ್ತಿನಿಂದ ನಗರ ಬೆಳೆಯುತ್ತಿತ್ತು. ಆ ಸಾಫ್ಟ್‌ವೇರ್ ನಮ್ಮ ರೈತನ ಕೈಗಾಗಲಿ, ಪ್ರಾಥಮಿಕ ಶಾಲೆಯ ಮಗುವಿನ ಕೈಗಾಗಲಿ ಸೇರುತ್ತಿರಲಿಲ್ಲ. ಒಂದು ಮೇಜಿನ ಕಂಪ್ಯೂಟರಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಿತ್ತು. ತಾಲೂಕು ಊರುಗಳಲ್ಲಿ ಒಂದೆರಡು ‘ಕಂಪ್ಯೂಟರ್ ಸೆಂಟರ್’ಗಳಿದ್ದವು. ಅಲ್ಲಿ ಟೈಪಿಂಗ್ ಕಲಿಯಲು ಕೂತವರಿಗೂ ಇಂಗ್ಲಿಷ್ ಬಾರದೆ ಮುಂದಿನ ಹೆಜ್ಜೆ ಇರಲಿಲ್ಲ. 1998ರ ಅಕ್ಟೋಬರ್‌ನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಮಾತು ಬಿಡಿಸಿ ಚರ್ಚೆಯಾಯಿತು. ಅಲ್ಲಿಂದ ಸಿಂಪ್ಯೂಟರ್ ಕಲ್ಪನೆ ಎದ್ದಿತು. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆ ನೋಂದಣಿಯಾಯಿತು. ವಿಜ್ಞಾನ ಸಂಸ್ಥೆಯಿಂದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್‌ನಿಂದ ವಿನಯ್ ದೇಶಪಾಂಡೆ, ಮಾರ್ಕ್ ಮಥಾಯಸ್, ಶಶಾಂಕ್ ಗರ್ಗ್ ಅದರ ಟ್ರಸ್ಟಿಗಳಾದರು.

ಯಂತ್ರದ ಒಳಗು

2001ರ ಏಪ್ರಿಲ್ 25ರಂದು ತೋರಿಸಿದ ಮಾದರಿಯಲ್ಲಿ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು. ಅದರ ವೇಗ 206 ಮೆಗಾಹರ್ಟ್ಸ್. ಪರದೆ 320 × 240 ಚುಕ್ಕೆಗಳದು, ಮುಟ್ಟಿದರೆ ಸ್ಪಂದಿಸುವಂಥದು. ಕೀಬೋರ್ಡ್ ಇರಲಿಲ್ಲ, ಕಡ್ಡಿಯಿಂದ ಒತ್ತಬೇಕಿತ್ತು. ಒಳಗೆ ಲಿನಕ್ಸ್ ಓಡುತ್ತಿತ್ತು. ಇದೇ ಪ್ರೊಸೆಸರನ್ನೇ ಅಮೆರಿಕದ ಕಾಂಪ್ಯಾಕ್ ಕಂಪನಿ 2000ರಲ್ಲಿ ಹೊರತಂದ ಐಪ್ಯಾಕ್ ಕೈಗಣಕದಲ್ಲಿ ಬಳಸಿತ್ತು. ಐಪ್ಯಾಕ್ ಆ ಕಾಲದ ದುಬಾರಿ, ಮೇಲ್ದರ್ಜೆಯ ಸಾಧನ. ಕಂಪನಿ ಅಧಿಕಾರಿಗಳ ಜೇಬಿಗೆಂದೇ ಮಾಡಿದ್ದು. ಹೀಗಾಗಿ ಸಿಂಪ್ಯೂಟರನ್ನು ‘ಬಡವರ ಕಂಪ್ಯೂಟರ್’ ಎಂದು ಕರೆದವರು ಅದಕ್ಕೆ ಅನ್ಯಾಯ ಮಾಡಿದರು. ಅದರ ಎದೆಯಲ್ಲಿದ್ದದ್ದು ಆಗ ಜಗತ್ತಿನ ಅತ್ಯುತ್ತಮ ಕೈಗಣಕದಲ್ಲಿದ್ದ ಚಿಪ್ಪೇ.

ಬೇರೆತನ ಇದ್ದದ್ದು ಬಳಕೆಯ ಕ್ರಮದಲ್ಲಿ. ಒಂದು ಊರಿಗೆ ಒಂದು ಸಿಂಪ್ಯೂಟರ್ ಸಾಕು ಎಂಬುದು ರೂಪಿಸಿದವರ ಲೆಕ್ಕ. ಗ್ರಾಮ ಪಂಚಾಯಿತಿಯೋ ಶಾಲೆಯೋ ಅಂಗಡಿಯವನೋ ಅದನ್ನು ಇಟ್ಟುಕೊಂಡು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದು. ಬಳಸುವವನ ಬಳಿ ಅವನದೇ ಸ್ಮಾರ್ಟ್ ಕಾರ್ಡ್ ಇರುತ್ತದೆ. ಕಾರ್ಡ್ ಒಳಗೆ ತೂರಿಸಿದರೆ ಅವನ ಲೆಕ್ಕ, ಅವನ ಪತ್ರ, ಅವನ ವಿವರ ತೆರೆಯುತ್ತದೆ. ಕಾರ್ಡ್ ತೆಗೆದರೆ ಮುಂದಿನವನಿಗೆ ಯಂತ್ರ ಖಾಲಿ. ಯಂತ್ರ ಸಾಮುದಾಯಿಕ, ಮಾಹಿತಿ ಖಾಸಗಿ ಎಂಬ ಈ ಏರ್ಪಾಡು ಮುಂದೆ ಬಂದ ಅಗ್ಗದ ಗಣಕಗಳಲ್ಲಿ ಯಾವುದಕ್ಕೂ ಹೊಳೆಯಲಿಲ್ಲ. ನನ್ನ ಎಣಿಕೆಯಲ್ಲಿ ಸಿಂಪ್ಯೂಟರ್‌ನ ಅತ್ಯಂತ ಸ್ವಂತದ ವಿಚಾರ ಇದೇ.

ಎರಡನೆಯದು ಭಾಷೆ. ಮೊಬೈಲ್ ಫೋನುಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುವುದಕ್ಕೆ ಎಷ್ಟೋ ವರ್ಷ ಮೊದಲೇ ಸಿಂಪ್ಯೂಟರ್ ಪರದೆಯ ಮೇಲೆ ಕನ್ನಡ ಬಂದಿತ್ತು. ಅಷ್ಟೇ ಅಲ್ಲ, ಓದಲು ಬಾರದವರಿಗಾಗಿ ಅದು ಓದಿ ಹೇಳುತ್ತಿತ್ತು. ರಮೇಶ್ ಹರಿಹರನ್ ನೇತೃತ್ವದಲ್ಲಿ ತಯಾರಾದ ‘ಧ್ವನಿ’ ಎಂಬ ತಂತ್ರಾಂಶ ಕನ್ನಡ ಮತ್ತು ಹಿಂದಿ ಪಠ್ಯವನ್ನು ಮಾತಾಗಿಸುತ್ತಿತ್ತು. ಭಾರತೀಯ ಲಿಪಿಗಳಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಅಂತರ ಕಡಿಮೆ. ಹಾಗಾಗಿ ಧ್ವನಿತುಣುಕುಗಳನ್ನು ಮೊದಲೇ ದಾಖಲಿಸಿಟ್ಟು, ಅಕ್ಷರಕ್ಕೆ ತಕ್ಕಂತೆ ಜೋಡಿಸಿ ನುಡಿಸಿದರೆ ಸಾಕಾಗುತ್ತಿತ್ತು. ಇಷ್ಟು ಕೆಲಸಕ್ಕೆ ಆ ಪುಟ್ಟ ಯಂತ್ರದ ಶಕ್ತಿ ಸಾಲುತ್ತಿತ್ತು. ಸ್ವರ ಯಾಂತ್ರಿಕವಾಗಿತ್ತು, ಆದರೆ ತಿಳಿಯುತ್ತಿತ್ತು. ಮಾಹಿತಿ ಪುಟಗಳನ್ನು ಭಾಷೆಯಿಂದ ಭಾಷೆಗೆ, ಬರಹದಿಂದ ದನಿಗೆ ಸುಲಭವಾಗಿ ಹೊರಳಿಸಲು ಐಎಂಎಲ್ ಎಂಬ ಬೇರೊಂದು ಗುರುತು ಭಾಷೆಯನ್ನೂ, ಕೀಬೋರ್ಡ್ ಇಲ್ಲದೆ ಅಕ್ಷರ ಮೂಡಿಸಲು ‘ಟಪಟಪ್’ ಎಂಬ ವಿಧಾನವನ್ನೂ ಈ ಬಳಗ ರೂಪಿಸಿತು.

ಮೂರನೆಯದು ಪರವಾನಗಿ. ಸಾಫ್ಟ್‌ವೇರನ್ನು ಮುಕ್ತವಾಗಿ ಹಂಚುವ ಲಿನಕ್ಸ್ ಪದ್ಧತಿಯನ್ನು ಟ್ರಸ್ಟ್ ಯಂತ್ರಾಂಶಕ್ಕೂ ಒಯ್ದಿತು. ಸಿಂಪ್ಯೂಟರ್‌ನ ವಿನ್ಯಾಸ ಯಾರು ಬೇಕಾದರೂ ನೋಡಬಹುದಾದದ್ದು. ತಯಾರಿಸಿ ಮಾರಬೇಕೆಂದರೆ ಒಮ್ಮೆ ಶುಲ್ಕ ಕಟ್ಟಬೇಕು. ಅಭಿವೃದ್ಧಿಶೀಲ ದೇಶದ ಕಂಪನಿಗೆ ಆ ಶುಲ್ಕ ಕಡಿಮೆ, ಶ್ರೀಮಂತ ದೇಶದ ಕಂಪನಿಗೆ ಹೆಚ್ಚು. ತಯಾರಕರು ಸುಧಾರಣೆ ಮಾಡಿದರೆ ಸ್ವಲ್ಪ ಕಾಲ ತಮ್ಮಲ್ಲೇ ಇಟ್ಟುಕೊಂಡು ಲಾಭ ಮಾಡಿಕೊಳ್ಳಬಹುದು, ಆಮೇಲೆ ಟ್ರಸ್ಟಿಗೆ ಒಪ್ಪಿಸಬೇಕು. ಮುಕ್ತ ಯಂತ್ರಾಂಶ ಎಂಬ ಮಾತು ಜಗತ್ತಿನಲ್ಲಿ ವ್ಯಾಪಕ ಬಳಕೆಗೆ ಬರುವ ಮೊದಲೇ ಬೆಂಗಳೂರಿನಲ್ಲಿ ಅದಕ್ಕೆ ಕಾನೂನಿನ ಬರಹ ಸಿದ್ಧವಾಗಿತ್ತು.

2001ರ ಕೊನೆಗೆ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ವಾರಪತ್ರಿಕೆಯಲ್ಲಿ ಆ ವರ್ಷದ ಗಣಕ ಲೋಕದ ಮಹತ್ವದ ಆವಿಷ್ಕಾರವಾಗಿ ಇದನ್ನು ಎತ್ತಿಹಿಡಿದರು. ಹೆಸರು ಬಂತು. ಆದರೆ ಕೊಳ್ಳಲು ಯಂತ್ರ ಇನ್ನೂ ಬಂದಿರಲಿಲ್ಲ.

ಅಮಿಡಾ

ಪ್ರಾಧ್ಯಾಪಕರು ನಾಲ್ವರೂ ಸೇರಿ ಪಿಕೋಪೆಟಾ ಸಿಂಪ್ಯೂಟರ್ಸ್ ಎಂಬ ಕಂಪನಿ ತೆರೆದರು. ಬೋಧಕರು ಸಂಸ್ಥೆಯಲ್ಲಿದ್ದುಕೊಂಡೇ ಉದ್ಯಮ ಮಾಡಬಹುದು ಎಂಬ ಅವಕಾಶ ಆಗಷ್ಟೇ ಸಿಕ್ಕಿತ್ತು. ಇದೇ ನಾಲ್ವರು 2000ರಲ್ಲಿ ಜೀವವಿಜ್ಞಾನದ ಮಾಹಿತಿಗಾಗಿ ಸ್ಟ್ರಾಂಡ್ ಜಿನೋಮಿಕ್ಸ್ ಕಂಪನಿಯನ್ನೂ ಶುರು ಮಾಡಿದ್ದರು. ಎನ್‌ಕೋರ್ ತನ್ನದೇ ದಾರಿಯಲ್ಲಿ ಇನ್ನೊಂದು ಬಗೆಯ ಸಿಂಪ್ಯೂಟರ್ ತಯಾರಿಸಿತು. ಪಿಕೋಪೆಟಾ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಕೈಜೋಡಿಸಿತು, ಯಂತ್ರ ಜಾಲಹಳ್ಳಿಯ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 2004ರ ಮಾರ್ಚ್ 26ರಂದು ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕಪ್ಪು-ಬಿಳುಪು ಪರದೆಯ ಆರಂಭಿಕ ಮಾದರಿಗೆ 9,950 ರೂಪಾಯಿ, ಬಣ್ಣದ ಪರದೆಯದಕ್ಕೆ 19,950 ರೂಪಾಯಿ.

ಅಮಿಡಾದಲ್ಲಿ ಒಂದು ಸೊಗಸಿನ ಸಂಗತಿ ಇತ್ತು. ಅದರ ಒಳಗೆ ಚಲನೆಯನ್ನು ಗುರುತಿಸುವ ಸಂವೇದಕ ಕೂರಿಸಿದ್ದರು. ಯಂತ್ರವನ್ನು ಕೈಯಲ್ಲಿ ಹಿಡಿದು ತುಸು ಜಾಡಿಸಿದರೆ ಪುಟ ತಿರುಗುತ್ತಿತ್ತು, ಓರೆ ಮಾಡಿದರೆ ಆಟದ ಗೋಲಿ ಉರುಳುತ್ತಿತ್ತು. ಆಪಲ್ ಕಂಪನಿಯ ಐಫೋನ್ ಇದೇ ಬಗೆಯ ಸಂವೇದಕದೊಂದಿಗೆ ಬಂದದ್ದು 2007ರಲ್ಲಿ. ಕೈಬರಹದಲ್ಲಿ ಗೀಚಿದ ಪತ್ರವನ್ನು ಹಾಗೆಯೇ ಇ-ಮೇಲ್ ಮಾಡಬಹುದಿತ್ತು. ಯಾವ ಲಿಪಿಯಲ್ಲಿ ಬೇಕಾದರೂ ಬರೆಯಬಹುದು, ಫಾಂಟಿನ ಹಂಗಿಲ್ಲ. ಕಾಗವಾಡದಂಥ ಊರಿನಲ್ಲಿ ಒಂದೇ ಮನೆಯಲ್ಲಿ ಒಬ್ಬರು ಕನ್ನಡ ಶಾಲೆಗೆ, ಇನ್ನೊಬ್ಬರು ಮರಾಠಿ ಶಾಲೆಗೆ ಹೋದವರಿರುತ್ತಾರೆ. ಅಂಥ ಮನೆಗೆ ಇಂಥ ಸೌಕರ್ಯದ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಆದರೂ ಮಾರಾಟ ಕೆಲವು ಸಾವಿರ ದಾಟಲಿಲ್ಲ. ನಿರೀಕ್ಷೆ ಹತ್ತಾರು ಸಾವಿರದ್ದಿತ್ತು. ಖರೀದಿಸಿದವರಲ್ಲಿ ಹೆಚ್ಚಿನವರು ಸರ್ಕಾರಿ ಇಲಾಖೆಗಳು ಮತ್ತು ಸಂಸ್ಥೆಗಳು. ಸಂಚಾರ ನಿಯಮ ಮುರಿದವರಿಗೆ ದಂಡದ ಚೀಟಿ ಕೊಡಲು ಪೊಲೀಸರು ಬಳಸಿದರು, ಛತ್ತೀಸಗಡದ ಶಾಲೆಗಳಲ್ಲಿ ಪಾಠಕ್ಕೆ ಬಳಸಿದರು, ಕರ್ನಾಟಕದಲ್ಲಿ ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಬಳಸಿದರು. ಪಿಕೋಪೆಟಾ ಕಂಪನಿ ಮುಂದೆ ಮುಂಬೈಯ ಜಿಯೋಡೆಸಿಕ್ ಸಂಸ್ಥೆಯ ಪಾಲಾಯಿತು.

ಬೆಲೆ ಹೆಚ್ಚಾಯಿತು, ಅದಕ್ಕೇ ಸೋತಿತು ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಅದು ಅರ್ಧ ಸತ್ಯ. ಪರದೆ, ಮೆಮೊರಿ, ಪ್ರೊಸೆಸರ್ ಎಲ್ಲವೂ ಡಾಲರ್ ಲೆಕ್ಕದಲ್ಲಿ ಹೊರಗಿನಿಂದ ಬರುತ್ತಿದ್ದವು. ಲಕ್ಷಗಟ್ಟಲೆ ತಯಾರಿಸಿದರೆ ಮಾತ್ರ ಬೆಲೆ ಇಳಿಯುತ್ತಿತ್ತು, ಲಕ್ಷಗಟ್ಟಲೆ ತಯಾರಿಸಲು ಬಂಡವಾಳ ಹಾಕುವವರು ಸಿಗಲಿಲ್ಲ. ಆದರೆ ಅದೇ ದಿನಗಳಲ್ಲಿ ಜನ ಮೊಬೈಲ್ ಫೋನಿಗೆ ದುಡ್ಡು ಹಾಕತೊಡಗಿದ್ದರು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಅದೇ ಜುಲೈನಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಫೋನು ಕೊಟ್ಟಿತು. ಬ್ಯಾಟರಿ ದೀಪವಿದ್ದ ನೋಕಿಯಾ 1100 ಕೂಡ ಅದೇ ವರ್ಷ ಬಂತು. ಫೋನಿನ ಹಿಂದೆ ಟವರ್ ಇತ್ತು, ರೀಚಾರ್ಜ್ ಮಾಡುವ ಪಾನ್ ಅಂಗಡಿ ಇತ್ತು, ರಿಪೇರಿಗೆ ಬಸ್ ಸ್ಟ್ಯಾಂಡಿನ ಹತ್ತಿರದ ಹುಡುಗನಿದ್ದ. ಅಮಿಡಾದ ಹಿಂದೆ ಒಂದು ಒಳ್ಳೆಯ ಕಾರ್ಖಾನೆ ಮಾತ್ರ ಇತ್ತು. ಅಥಣಿಯಲ್ಲೋ ರಾಯಬಾಗದಲ್ಲೋ ಅದನ್ನು ತೋರಿಸುವವರು, ಕಲಿಸುವವರು, ಕೆಟ್ಟರೆ ತೆರೆದು ನೋಡುವವರು ಇರಲಿಲ್ಲ. ಅದರಲ್ಲಿ ನೋಡಬೇಕಾದ ಸ್ಥಳೀಯ ಮಾಹಿತಿಯನ್ನು, ಅಂದರೆ ಹತ್ತಿರದ ಮಾರುಕಟ್ಟೆಯ ದರ, ಕಾರ್ಖಾನೆಯ ತೂಕದ ಲೆಕ್ಕ, ಉತಾರದ ನಕಲು ಇವನ್ನೆಲ್ಲ, ದಿನದಿನ ತುಂಬುವವರೂ ಇರಲಿಲ್ಲ.

ಕೃಷ್ಣೆಯ ದಂಡೆಯಲ್ಲಿ

ಆರಂಭದಲ್ಲಿ ಹೆಸರಿಸಿದ ಗಡಿಯ ಐದು ತಾಲೂಕುಗಳಲ್ಲಿ ಹೊಳೆಯ ನೀರು ಕಂಡ ನೆಲವೆಲ್ಲ ಕಬ್ಬು. ಕೃಷ್ಣಾ, ದೂಧಗಂಗಾ, ವೇದಗಂಗಾ ಹರಿಯುವ ಈ ನೆಲದಲ್ಲಿ 1939ರಲ್ಲಿ ಶುರುವಾದ ಉಗಾರ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳವರೆಗೆ ಸಾಲುಸಾಲು ಚಿಮಣಿಗಳಿವೆ. ಕಬ್ಬಿನ ರೈತನಿಗೆ ಬೇಕಾದ ಮಾಹಿತಿ ಬಹಳಿಲ್ಲ, ಆದರೆ ತಪ್ಪಿದರೆ ಹಂಗಾಮೇ ಹೋಗುತ್ತದೆ. ನೋಂದಣಿ ಆಗಿದೆಯೇ, ಕಡಿಯುವ ಟೋಳಿ ಯಾವಾಗ ಬರುತ್ತದೆ, ಎಷ್ಟು ಟನ್ ತೂಗಿತು, ಬಿಲ್ಲು ಯಾವಾಗ ಜಮಾ ಆಗುತ್ತದೆ. ಸಿಂಪ್ಯೂಟರ್‌ನಂಥ ಯಂತ್ರಕ್ಕೆ ಇದಕ್ಕಿಂತ ತಕ್ಕ ಕೆಲಸ ಇರಲಾರದು.

ಇಂಥದೇ ಪ್ರಯೋಗ ಗಡಿಯಾಚೆ, ನಿಪ್ಪಾಣಿಯಿಂದ ಕೊಲ್ಹಾಪುರ ದಾಟಿದರೆ ಸಿಗುವ ವಾರಣಾ ಕಣಿವೆಯಲ್ಲಿ ನಡೆಯಿತು. ಸಿಂಪ್ಯೂಟರ್ ಕಲ್ಪನೆ ಮೂಡಿದ ವರ್ಷವೇ, 1998ರಲ್ಲಿ, ವಾರಣಾನಗರದ ಸಕ್ಕರೆ ಸಹಕಾರಿ ಸಂಘದ ಸುತ್ತಲಿನ 70 ಹಳ್ಳಿಗಳನ್ನು ಗಣಕದಿಂದ ಬೆಸೆಯುವ ‘ವೈರ್ಡ್ ವಿಲೇಜ್’ ಯೋಜನೆ ಕೇಂದ್ರ ಸರ್ಕಾರದ ನೆರವಿನಿಂದ ಶುರುವಾಯಿತು. ಹಳ್ಳಿಯ ಕಿಯಾಸ್ಕಿನಲ್ಲಿ ಮೇಜಿನ ಕಂಪ್ಯೂಟರ್ ಇಟ್ಟು ಕಬ್ಬಿನ ಲೆಕ್ಕ, ಕಡಿಯುವ ಪರವಾನಗಿ, ಗೊಬ್ಬರದ ಖಾತೆ ತೋರಿಸುತ್ತಿದ್ದರು. ಎಂಟೊಂಬತ್ತು ವರ್ಷಗಳ ಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಅಲ್ಲಿಗೆ ಹೋಗಿ ನೋಡಿದರು. ಆ ಕಂಪ್ಯೂಟರುಗಳಲ್ಲಿ ನಡೆಯುತ್ತಿದ್ದದ್ದು ಬಹುಪಾಲು ಸಂಘದ ಇಂಥ ಚಿಕ್ಕಚಿಕ್ಕ ವ್ಯವಹಾರವೇ. ಅದಕ್ಕೆ ಕಂಪ್ಯೂಟರೇ ಬೇಡವೆಂದು ಕೆಲವು ಹಳ್ಳಿಗಳಲ್ಲಿ ಅದರ ಬದಲು ಮೊಬೈಲ್ ಸಂದೇಶದ ವ್ಯವಸ್ಥೆ ಮಾಡಿದರು. ರೈತ ತನ್ನ ಸಂಖ್ಯೆಯ ಜೊತೆ ಪುಟ್ಟ ಸಂಕೇತ ಕಳಿಸಿದರೆ ತೂಕದ ವಿವರ ಮರುಸಂದೇಶವಾಗಿ ಬರುತ್ತಿತ್ತು. ಹೊತ್ತುಗೊತ್ತು ನೋಡದೆ ಕೇಳಬಹುದಾದ್ದರಿಂದ ರೈತರು ಅದನ್ನೇ ಮೆಚ್ಚಿದರು, ಖರ್ಚೂ ಇಳಿಯಿತು. ಸಿಂಪ್ಯೂಟರ್‌ಗೆ ಏನಾಯಿತು ಎಂದು ತಿಳಿಯಬೇಕಾದವರು ವಾರಣೆಯ ಈ ಬದಲಾವಣೆಯನ್ನು ನೋಡಬೇಕು. ಬೇಡಿಕೆ ನಿಜವಾಗಿಯೂ ಇತ್ತು. ಅದನ್ನು ಪೂರೈಸಿದ್ದು ಆಗಲೇ ಜೇಬಿಗೆ ಬಂದು ಕೂತಿದ್ದ ಸಾಧನ, ಮತ್ತು ಮಾಹಿತಿ ತುಂಬಲು ಆಗಲೇ ಸಜ್ಜಾಗಿದ್ದ ಸಹಕಾರಿ ಸಂಘ.

ಭೂದಾಖಲೆಯ ಕತೆಯೂ ಇದರ ಪಕ್ಕದಲ್ಲೇ ಸಾಗುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರತೊಡಗಿತು. ತಲಾಠಿಯ ಮನೆಯ ಮುಂದೆ ಕಾಯುವುದು ತಪ್ಪಿತು. ಆಗ ಕಾಗವಾಡ ಅಥಣಿ ತಾಲೂಕಿನೊಳಗಿತ್ತು, ನಿಪ್ಪಾಣಿ ಚಿಕ್ಕೋಡಿಯೊಳಗಿತ್ತು. 2018ರ ಹೊತ್ತಿಗೆ ಇವೆರಡೂ ಬೇರೆ ತಾಲೂಕುಗಳಾದವು. ಅಲ್ಲಿಯವರೆಗೆ ಒಂದು ಹಾಳೆಗಾಗಿ ಬಸ್ಸು ಹಿಡಿಯಬೇಕಿದ್ದವರಿಗೆ ಊರಲ್ಲೇ ತೆರೆದುಕೊಳ್ಳುವ ಕೈಗಣಕ ಎಷ್ಟು ಒದಗುತ್ತಿತ್ತು ಎಂಬುದನ್ನು ಊಹಿಸಬಹುದು. ಇನ್ನೊಂದು ಬೆಳವಣಿಗೆಯನ್ನು ಇಲ್ಲಿ ಸೇರಿಸಬೇಕು. ಹೊಲದಲ್ಲಿ ನಿಂತು ಬೆಳೆಯ ವಿವರ ದಾಖಲಿಸುವ ಕೆಲಸ 2020ರ ಮುಂಗಾರಿನಲ್ಲಿ ‘ರೈತರ ಬೆಳೆ ಸಮೀಕ್ಷೆ’ ಆ್ಯಪ್ ಮೂಲಕ ರೈತರ ಕೈಗೇ ಬಂತು. ಸರ್ವೆ ನಂಬರ್ ಆರಿಸಿ, ಹೊಲದ ಚಿತ್ರ ತೆಗೆದು, ಕನ್ನಡದಲ್ಲೇ ಬೆಳೆಯ ಹೆಸರು ಒತ್ತಿ ಕಳಿಸುವುದು. ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದೆ ಸಿಂಪ್ಯೂಟರ್‌ನ ಬಳಗ ಬಯಸಿದ್ದ ಕೆಲಸ ಇದೇ ಜಾತಿಯದು.

ಮೊಬಿಲಿಸ್

ಎನ್‌ಕೋರ್ ಕವಲಿನ ಕತೆ ಚಿಕ್ಕದು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಹಣಕಾಸಿನ ನೆರವಿನಿಂದ ತಯಾರಾದ ಮೊಬಿಲಿಸ್ 2005ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ಆಗಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವ ಕಪಿಲ್ ಸಿಬಲ್ ಅದನ್ನು ಹೊರತಂದರು. 7.4 ಅಂಗುಲದ ಪರದೆ, ಆರು ಗಂಟೆ ಬಾಳುವ ಬ್ಯಾಟರಿ, ಲಿನಕ್ಸ್, ಸುಮಾರು 10,000 ರೂಪಾಯಿಯಿಂದ ಬೆಲೆ. ಜೊತೆಗೆ ಸಾಫ್‌ಕಾಂಪ್ ಎಂಬ ಮೇಜಿನ ಮಾದರಿಯೂ ಇತ್ತು. ಅದೇ ವರ್ಷದ ಮೊದಲಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಪ್ರತಿ ಮಗುವಿಗೆ ನೂರು ಡಾಲರ್‌ನ ಲ್ಯಾಪ್‌ಟಾಪ್ ಎಂದು ಸಾರಿದ್ದರು. ಆ ಯಂತ್ರ ತಯಾರಾಗಲು 2007 ಬಂತು, ನೂರು ಡಾಲರ್‌ಗೆ ಅದು ಸಿಗಲೂ ಇಲ್ಲ. ಅದೇ 2007ರಲ್ಲಿ ತೈವಾನಿನ ಆಸುಸ್ ಕಂಪನಿ ‘ಈ ಪಿಸಿ’ (Eee PC) ಎಂಬ ಪುಟ್ಟ ಲ್ಯಾಪ್‌ಟಾಪ್ ತಂದು ಜಗತ್ತಿನ ತುಂಬ ಮಾರಿತು. ಮೊಬಿಲಿಸ್‌ನ ಗಾತ್ರ, ಮೊಬಿಲಿಸ್‌ನ ಲಿನಕ್ಸ್, ಆದರೆ ಹಿಂದೆ ಇಡೀ ತೈವಾನಿನ ಪೂರೈಕೆ ಜಾಲ. ಮೊಬಿಲಿಸ್ ಅಂಗಡಿಯ ಸರಕಾಗಿ ನೆಲೆಗೊಳ್ಳಲಿಲ್ಲ.

ಮೇಲ್ದರ್ಜೆಯ ಲ್ಯಾಪ್‌ಟಾಪ್ ಸರಣಿಗಳು ಹೇಗೆ ಬಾಳುತ್ತವೆ ಎಂಬುದನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ಡೆಲ್ ಕಂಪನಿಯ ಎಕ್ಸ್‌ಪಿಎಸ್ ಹೆಸರು 1993ರಲ್ಲಿ ಮೇಜಿನ ಕಂಪ್ಯೂಟರಿಗೆ ಅಂಟಿಕೊಂಡು ಶುರುವಾಯಿತು. 2012ರಲ್ಲಿ ಎಕ್ಸ್‌ಪಿಎಸ್ 13 ಎಂಬ ತೆಳ್ಳನೆಯ ಲ್ಯಾಪ್‌ಟಾಪ್ ಆಯಿತು. 2015ರಲ್ಲಿ ಪರದೆಯ ಅಂಚನ್ನು ಬಹುತೇಕ ಇಲ್ಲವಾಗಿಸಿ ಉಳಿದ ಕಂಪನಿಗಳಿಗೂ ಮಾದರಿಯಾಯಿತು. ಮೊದಲ ಮಾದರಿಯ ಕೊರತೆಯನ್ನು ಎರಡನೆಯದರಲ್ಲಿ, ಎರಡನೆಯದರ ಕೊರತೆಯನ್ನು ಮೂರನೆಯದರಲ್ಲಿ ತಿದ್ದಲು ಆ ಸರಣಿಗೆ ಹಣ ಮತ್ತು ಕಾಲ ಎರಡೂ ದೊರೆತವು. ಅಮಿಡಾಕ್ಕೂ ಮೊಬಿಲಿಸ್‌ಗೂ ಎರಡನೆಯ, ಮೂರನೆಯ ಅವಕಾಶ ದಕ್ಕಲಿಲ್ಲ. ಸರ್ಕಾರ ಪ್ರಶಂಸೆ ಕೊಟ್ಟಿತು, ವೇದಿಕೆ ಕೊಟ್ಟಿತು. ಹತ್ತು ವರ್ಷ ಒಂದೇ ಸಮನೆ ಕೊಳ್ಳುತ್ತೇನೆ ಎಂಬ ಭರವಸೆ ಕೊಡಲಿಲ್ಲ. ಹೊಸ ಯಂತ್ರದ ತಯಾರಕರಿಗೆ ಅತಿ ಅಗತ್ಯವಾಗಿ ಬೇಕಾದದ್ದು ಅದೇ.

ಆಮೇಲೆ

ಸರ್ಕಾರಗಳು ಗಣಕ ಹಂಚುವುದನ್ನು ಮುಂದುವರಿಸಿದವು. 2011ರಲ್ಲಿ ಕೇಂದ್ರ ಸರ್ಕಾರ ‘ಆಕಾಶ್’ ಟ್ಯಾಬ್ಲೆಟ್ ತಂದಿತು. ಕೊರೊನಾ ಕಾಲದಲ್ಲಿ, 2021ರ ಜೂನ್‌ನಲ್ಲಿ, ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಕಾರ್ಯಕ್ರಮ ಆರಂಭಿಸಿತು. ಬೆಳಗಾವಿಯಲ್ಲಿ ನೆಲೆ ಮಾಡಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಚಿಕ್ಕೋಡಿ ಮತ್ತು ನಿಪ್ಪಾಣಿಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿಯುವ ಕಬ್ಬು, ತಂಬಾಕು ಬೆಳೆಗಾರರ ಮಕ್ಕಳ ಚೀಲದಲ್ಲಿ ಲ್ಯಾಪ್‌ಟಾಪ್ ಇರುವುದು ಈಗ ಸಾಮಾನ್ಯ. ಅವುಗಳ ವಿನ್ಯಾಸ ಮಾತ್ರ ಹೊರಗಿನದು. ಕೋಲಾರ ಜಿಲ್ಲೆಯ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಐಫೋನ್ ಜೋಡಣೆ ಬೃಹತ್ ಪ್ರಮಾಣದಲ್ಲಿ ನಡೆಯುತ್ತದೆ. ಆ ಕಾರ್ಖಾನೆಗಳಲ್ಲಿ ತಯಾರಾಗುವುದರ ರೂಪುರೇಷೆ ಕ್ಯಾಲಿಫೋರ್ನಿಯಾದಲ್ಲಿ ತೀರ್ಮಾನವಾಗುತ್ತದೆ. ಜಾಲಹಳ್ಳಿಯ ಅಮಿಡಾದಲ್ಲಿ ವಿನ್ಯಾಸವೂ ತಯಾರಿಕೆಯೂ ಕೆಲವು ಮೈಲುಗಳ ಒಳಗೇ ಇದ್ದವು ಎಂಬುದು ಅದರ ಹಿರಿಮೆ. ಆ ನಿಲುಕಿಗೆ ರಾಜ್ಯ ಮತ್ತೆ ಏರಿಲ್ಲ.

ಸರಣಿಯ ಒಂದು ಭಾಗ ಯಂತ್ರ ನಿಂತ ಮೇಲೂ ಬೆಳೆಯಿತು. ‘ಧ್ವನಿ’ ತಂತ್ರಾಂಶ ಮುಕ್ತ ಪರವಾನಗಿಯಲ್ಲಿದ್ದುದರಿಂದ ಅದನ್ನು ಎತ್ತಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ತಿದ್ದಿ, ಮಲಯಾಳ, ತೆಲುಗು, ಬಂಗಾಳಿ, ಗುಜರಾತಿ ಮೊದಲಾದ ಭಾಷೆಗಳಿಗೆ ವಿಸ್ತರಿಸಿದರು. ಮೂಲದಲ್ಲಿ ಕನ್ನಡ, ಹಿಂದಿ ಮಾತ್ರ ನುಡಿಯುತ್ತಿದ್ದ ಅದು ಮರಾಠಿಯನ್ನೂ ಓದತೊಡಗಿತು.